ಏಳನೇ ಆವೃತ್ತಿಯ ಕೆಳಗಿನ ಹೆಸರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಪ್ಯಾಚಿನ ಐದನೇ ಆವೃತ್ತಿ ಕಳಿಸಿ ಆಯಿತು. ಅದೇ ಇನ್ನೂರ ನಲವತ್ತು ಸಾಲು, ಮೂರು ತಿಂಗಳಲ್ಲಿ ಐದು ಸಲ. ಈ ಕೋಡು ಬರೆಯುವವರೆಲ್ಲ ಸೇರಿ ವಾದಿಸುವ ಮೇಲ್ ಲಿಸ್ಟಿನಲ್ಲಿ ಈ ಸಲ ಯಾರು ಉಗಿದು ಉಪ್ಪಿನಕಾಯಿ ಹಾಕುತ್ತಾರೋ ನೋಡಬೇಕು.

ತಿಂಡಿ ತಿನ್ನುತ್ತಾ ಇವರು ಕೇಳಿದರು, "ಅಷ್ಟಕ್ಕೂ ನೀನು ಮಾಡ್ತಿರೋದಾದ್ರೂ ಏನು?" ಮದುವೆಯಾದ ಹನ್ನೆರಡು ವರ್ಷಕ್ಕೆ ಹುಟ್ಟಿದ ಕುತೂಹಲ. ಹೇಳಿದೆ — ಫೈಲುಗಳೆಲ್ಲ ಎಲ್ಲೋ ದೂರದ ಸರ್ವರಿನಲ್ಲಿ. ಈ ಫೈಲ್ ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಅಂತ ಪ್ರೋಗ್ರಾಮುಗಳು ಕೇಳುತ್ತಲೇ ಇರುತ್ತವೆ. ಪ್ರತಿ ಸಲ ಸರ್ವರಿನ ತನಕ ಹೋಗಿ ಬಂದರೆ ತಡ. ಅದಕ್ಕೇ ಕರ್ನಲ್ — ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು — ಹಿಂದಿನ ಸಲ ಸಿಕ್ಕ ಉತ್ತರವನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. 'ಸರ್ವರನ್ನು ಕೇಳಬೇಡ, ನಿನ್ನ ನೆನಪಿನಲ್ಲಿ ಇರುವುದನ್ನೇ ಹೇಳು' ಎಂದು ಕೇಳುವುದಕ್ಕೆ ಒಂದು ಹೊಸ ದಾರಿ. ಅದು ನನ್ನ ಪ್ಯಾಚು, ಅಂದರೆ ಕರ್ನಲ್ಲಿಗೆ ನಾನು ಸೇರಿಸಹೊರಟ ಕೋಡಿನ ತುಂಡು.

"ಅಂದ್ರೆ ಹಳೇ ಚೀಟಿ ನೋಡಿ ಕನ್ನಡಕ ಮಾಡ್ಕೊಡೋ ಹಾಗೆ," ಅಂದರು. ಕನ್ನಡಕದ ಅಂಗಡಿಯವರಿಗೆ ಜಗತ್ತೆಲ್ಲ ಕನ್ನಡಕ. ಸರಿಯಾಗಿಯೇ ಹೇಳಿದರು, ನಾನು ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಮಾರ್ಚ್ 9, ಭಾನುವಾರ. ಸಂಜೆ

ಮೇಷ್ಟ್ರ ಮನೆಗೆ ಹೋಗಿದ್ದೆ. ಹದಿನಾರು ವರ್ಷದ ಹಿಂದೆ ಈ ಕೆಲಸಕ್ಕೆ ನನ್ನ ಕೈ ಹಿಡಿದು ಎಳೆದವರು. ಕರ್ನಲ್ಲಿನ ಈ ಭಾಗಕ್ಕೆ ಇಪ್ಪತ್ತು ವರ್ಷದಿಂದ ಅವರೇ ಹಿರಿಯರು. ಅವರು ಹೂಂ ಅಂದ ಪ್ಯಾಚಿಗೆ ಮಿಕ್ಕವರು ಉಹೂಂ ಅನ್ನುವುದು ಕಡಿಮೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ಈಗ ಕಿಡ್ನಿಗೆ ಬಂದಿದೆ. ಮಂಗಳ, ಗುರು, ಶನಿ ಡಯಾಲಿಸಿಸ್. ಉಳಿದ ದಿನ ರಿವ್ಯೂ, ಅಂದರೆ ಬೇರೆಯವರ ಪ್ಯಾಚು ಓದಿ ತಪ್ಪು ಹಿಡಿಯುವುದು.

ಓದಿ ಹೇಳುವುದು ಅವರ ಅಕ್ಕ. ನಮಗೆಲ್ಲ ಅವರು ಅಕ್ಕನೇ. ನಿವೃತ್ತ ನರ್ಸು, ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವರು. ಇಬ್ಬರೂ ಮದುವೆಯಾಗಲಿಲ್ಲ, ಎರಡು ಕೋಣೆಯ ಒಂದೇ ಮನೆ. ಕಂಪ್ಯೂಟರೇ ಓದುವ ಹಾಗೆ ಮಾಡಿಕೊಟ್ಟಿದ್ದೆ. ಆ ಧ್ವನಿ ಕೇಳಿದರೆ ತಲೆ ಸಿಡಿಯುತ್ತದೆ ಎಂದು ಮೇಷ್ಟ್ರು ಬೇಡವೆಂದರು. ಅಕ್ಕನಿಗೆ ಕೋಡಿನ ಗಂಧಗಾಳಿ ಇಲ್ಲ. ಆದರೆ ಮೂವತ್ತೈದು ವರ್ಷ ರೋಗಿಗಳ ಚಾರ್ಟು ಓದಿದವರು, ಒಂದು ಚುಕ್ಕೆ ಬಿಡುವುದಿಲ್ಲ.

"ಇಫ್. ಬ್ರಾಕೆಟ್ಟು. ಆಶ್ಚರ್ಯಸೂಚಕ. ಐನೋಡ್. ಬ್ರಾಕೆಟ್ ಮುಚ್ಚು. ಏನೋ ಇದು, ಪ್ರತಿ ಸಾಲಿಗೂ ಆಶ್ಚರ್ಯ ಪಡ್ತಾಳಲ್ಲ ಈ ಹುಡುಗಿ!"

ನನಗೆ ನಲವತ್ತೊಂದು. ಮೇಷ್ಟ್ರು ನಗಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಸಾಲು ಲೆಕ್ಕ ಹಾಕುತ್ತಿದ್ದರು. ಪೂರ್ತಿ ಕೇಳಿ ಆದ ಮೇಲೆ—

"ಉತ್ತರ ಕೊಡ್ತೀಯ. ಸರಿ. ಅದು ಎಷ್ಟು ಹೊತ್ತಿನ ಹಿಂದಿನ ಉತ್ತರ ಅಂತ ಎಲ್ಲಿ ಹೇಳ್ತೀಯ?"

"ಹೇಳಲ್ಲ ಮೇಷ್ಟ್ರೇ. ಹೊಸದೇ ಬೇಕಾದವರು ಸರ್ವರನ್ನ ಕೇಳ್ಕೊಳ್ಳಲಿ."

"ಹೊಸದು ಬೇಕು ಅಂತ ಅವ್ರಿಗೆ ಹೇಗೆ ಗೊತ್ತಾಗ್ಬೇಕು? ಹಳೇ ಉತ್ತರ ಕೊಡೋದು ತಪ್ಪಲ್ಲ ಕಣಮ್ಮ. ಹಳೇದನ್ನ ಈಗಷ್ಟೇ ಕೇಳ್ಕೊಂಡು ಬಂದೆ ಅನ್ನೋ ಹಾಗೆ ಕೊಡೋದು ತಪ್ಪು. ಉತ್ತರದ ಜೊತೆ ಇನ್ನೊಂದು ಫೀಲ್ಡ್ ಇಡು. ಏಜ್ ಅಂತ. ಸರ್ವರನ್ನ ಕೇಳಿ ಎಷ್ಟು ಸೆಕೆಂಡ್ ಆಯ್ತು, ಅಷ್ಟು ಬರೀ."

ವಾದಿಸಿದೆ. ಸೋತೆ. ಬಸ್ಸಿನಲ್ಲಿ ಬರುವಾಗ ಅವರು ಹೇಳಿದ್ದೇ ಸರಿ ಅನ್ನಿಸಿ ಇನ್ನೂ ಹೊಟ್ಟೆ ಉರಿಯಿತು.

ಮಾರ್ಚ್ 19, ಬುಧವಾರ. ಮಧ್ಯಾಹ್ನ 12.15

ಏಜ್ ಸೇರಿಸಿದ ಆರನೇ ಆವೃತ್ತಿಗೆ ಮೇಷ್ಟ್ರ ಮೇಲ್. ಒಂದೇ ಸಾಲು. ರಿವ್ಯೂಡ್-ಬೈ, ಮುಂದೆ ಅವರ ಹೆಸರು.

ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿರಬೇಕು. ಆ ಸಾಲಿನ ಅರ್ಥ ಇಷ್ಟು: ಇದನ್ನು ನಾನು ಓದಿದ್ದೇನೆ, ಒಪ್ಪಿದ್ದೇನೆ, ನಾಳೆ ಎಡವಟ್ಟಾದರೆ ಹೊಣೆ ನನ್ನದೂ ಹೌದು. ಪ್ಯಾಚಿನ ಕೆಳಗೆ ನನ್ನ ಕೈಯಾರೆ ಅಂಟಿಸಿಕೊಂಡೆ. ಅವರು ಈ ಸಾಲನ್ನು ಸುಮ್ಮನೆ ಕೊಡುವವರಲ್ಲ. ಇಪ್ಪತ್ತು ವರ್ಷದಲ್ಲಿ ಓದದ ಪ್ಯಾಚಿಗೆ ಒಂದು ಸಲವೂ ಹೆಸರು ಕೊಟ್ಟಿಲ್ಲ ಎಂದು ಲಿಸ್ಟಿನಲ್ಲಿ ಎಲ್ಲರಿಗೂ ಗೊತ್ತು.

ಮಗಳಿಗೆ ಹೇಳಿದೆ, ಅಮ್ಮ ಪಾಸಾದಳು ಅಂತ. "ಎಷ್ಟು ಮಾರ್ಕ್ಸು?" ಅಂದಳು.

ಮಾರ್ಚ್ 27, ಗುರುವಾರ

ಸಂಭ್ರಮ ಮುಗಿಯಿತು. ಗಡಿಯಾರ ಎದ್ದ. ಲಿಸ್ಟಿನಲ್ಲಿ ನಾವು ಅವನಿಗೆ ಇಟ್ಟ ಹೆಸರು ಅದು, ಏನು ಕಂಡರೂ ಅಳೆಯುತ್ತಾನೆ. ಈ ಸಲ ಅಳೆದದ್ದು ನನ್ನ ಏಜ್ ಫೀಲ್ಡು. ನೆನಪಿನಲ್ಲಿರುವ ಒಂದೊಂದು ಫೈಲಿಗೂ ಎಂಟು ಬೈಟ್ ಹೆಚ್ಚು. ಕೋಟಿ ಫೈಲಿರುವ ಯಂತ್ರದಲ್ಲಿ ಎಷ್ಟು ಎಂದು ಗ್ರಾಫ್ ಬೇರೆ. ಇದನ್ನು ತೆಗೆಯದೆ ಪ್ಯಾಚ್ ಒಳಗೆ ಬರಬಾರದು ಅಂತ.

ಆಫೀಸಿನಿಂದ ನಮ್ಮ ಟೀಮ್ ಲೀಡ್ ಕರೆ ಮಾಡಿದರು. "ಸೋಮವಾರದ ಒಳಗೆ ಕಳಿಸ್ಬಿಡಿ. ಈ ಸುತ್ತು ತಪ್ಪಿದ್ರೆ ಮುಂದಿನ ಕರ್ನಲ್‌ಗೆ ಮೂರು ತಿಂಗಳು ಕಾಯ್ಬೇಕು. ನಮ್ಮ ಪ್ರಾಡಕ್ಟ್ ಇದನ್ನೇ ಕಾಯ್ತಿದೆ. ಆ ಫೀಲ್ಡ್ ಇಲ್ದೇ ಇದ್ರೆ ಆಕಾಶ ಕಳಚಿ ಬೀಳುತ್ತಾ?"

ಮೇಷ್ಟ್ರು ಆಸ್ಪತ್ರೆಯಲ್ಲಿ. ಡಯಾಲಿಸಿಸ್ ಟ್ಯೂಬಿಗೆ ಸೋಂಕು.

ಮಾರ್ಚ್ 31, ಸೋಮವಾರ. ಸಂಜೆ 4.10

ಏಜ್ ತೆಗೆದೆ. ಮೂವತ್ತೆಂಟು ಸಾಲು ಕಡಿಮೆಯಾಯಿತು. ಏಳನೇ ಆವೃತ್ತಿ.

ನಿಯಮ ಗೊತ್ತಿದೆ. ಬರೆದಿಟ್ಟ ನಿಯಮ. ಪ್ಯಾಚಿನಲ್ಲಿ ಮುಖ್ಯವಾದದ್ದು ಬದಲಾದರೆ ರಿವ್ಯೂಡ್-ಬೈ ಸಾಲು ತೆಗೆಯಬೇಕು, ಮತ್ತೆ ಓದಿಸಬೇಕು, ಮತ್ತೆ ಕೇಳಬೇಕು. ಹೊಸಬರಿಗೆ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೇನೆ. ಆ ಸಾಲಿನ ಮೇಲೆ ಕರ್ಸರ್ ಇಟ್ಟುಕೊಂಡು ಹತ್ತು ನಿಮಿಷ ಕೂತೆ.

ಅಕ್ಕನಿಗೆ ಫೋನ್ ಮಾಡಿದೆ. "ಜ್ವರ ಇಳಿದಿಲ್ಲ ಕಣೇ. ಈಗ ಕಣ್ಣು ಮುಚ್ಚಿದಾನೆ. ಏನಾದ್ರೂ ಅರ್ಜೆಂಟಾ? ಎಬ್ಬಿಸ್ಲಾ?"

"ಏನಿಲ್ಲ ಅಕ್ಕ. ಸುಮ್ನೆ ವಿಚಾರಿಸೋಣ ಅಂತ."

ಅವರ ಹೆಸರಿಲ್ಲದೆ ಈ ಸುತ್ತಿನಲ್ಲಿ ಒಳಗೆ ಹೋಗುವುದಿಲ್ಲ. ಹದಿನಾರು ವರ್ಷದಿಂದ ಬಲ್ಲೆ ಅವರನ್ನು. ಪರಿಸ್ಥಿತಿ ವಿವರಿಸಿದ್ದರೆ ಒಪ್ಪುತ್ತಿದ್ದರು.

ಒಪ್ಪುತ್ತಿರಲಿಲ್ಲ. ಅದೂ ಗೊತ್ತು.

ಸಾಲು ಬಿಟ್ಟು ಕಳಿಸಿದೆ. ಅಂದರೆ, ತೆಗೆಯದೆ ಕಳಿಸಿದೆ.

ಏಪ್ರಿಲ್ 4, ಶುಕ್ರವಾರ

ಸೇರಿತು. ಯಾರೂ ಏನೂ ಕೇಳಲಿಲ್ಲ. ಲೀಡ್ ಕೇಕ್ ತರಿಸಿದರು. ನನ್ನ ತುಂಡನ್ನು ಮಗಳಿಗೆ ಕಟ್ಟಿಕೊಂಡು ಬಂದೆ.

ಏಪ್ರಿಲ್ 20, ಭಾನುವಾರ

ಮೇಷ್ಟ್ರು ಮನೆಗೆ ಬಂದು ನಾಲ್ಕು ದಿನ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ದಿಂಬಿಗೆ ಒರಗಿ ಕೂತಿದ್ದರು, ಕುತ್ತಿಗೆಯ ಎಲುಬೆಲ್ಲ ಎದ್ದು ಕಾಣುತ್ತಿತ್ತು. ಆಸ್ಪತ್ರೆಯ ದಿನಗಳ ಮೇಲ್ ಸಾವಿರದ ಮೇಲೆ ಬಿದ್ದಿದೆಯಂತೆ. ಅಕ್ಕ ಅದನ್ನೆಲ್ಲ, ಏಳನೇ ಆವೃತ್ತಿಯನ್ನೂ ಸೇರಿಸಿ, ಒಂದು ಕಡೆ ತಳ್ಳಿ ಹೊಸದರಿಂದ ಓದಲು ಶುರು ಮಾಡಿದ್ದಾರೆ. ಕೇಳಿ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಸೇರ್ತಂತೆ?" ಅಂದರು.

"ಸೇರ್ತು ಮೇಷ್ಟ್ರೇ."

"ಗಡಿಯಾರ ಗಲಾಟೆ ಮಾಡ್ಲಿಲ್ವಾ?"

"ಸ್ವಲ್ಪ ಮಾಡ್ದ."

"ಮಾಡೇ ಮಾಡ್ತಾನೆ. ಏಜ್ ಉಳಿಸ್ಕೊಂಡ್ಯಲ್ಲ, ನಂಗೆ ಅದೇ ಸಮಾಧಾನ."

ತಲೆಯಾಡಿಸಿದೆ. ಅವರು ಮುಖ ನನ್ನ ಕಡೆಗೇ ತಿರುಗಿಸಿ ಕಾದರು. ಕಾಣುವುದಿಲ್ಲವಲ್ಲ. ಬಾಯಿಬಿಟ್ಟು ಹೇಳಬೇಕಾಯಿತು.

"ಹೂಂ."

ಅಕ್ಕ ಕಾಫಿ ತಂದರು. ಕುಡಿದೆ. ಇನ್ನೂ ಏನೇನೋ ಮಾತಾಡಿದೆ, ಒಂದೂ ನೆನಪಿಲ್ಲ.

ಮೇ 4, ಭಾನುವಾರ

ಹೋಗಲಿಲ್ಲ. ಮಗಳಿಗೆ ಶೀತ.

ಮೇ 18, ಭಾನುವಾರ

ಹೋಗಲಿಲ್ಲ. ಮಗಳಿಗೆ ಶೀತ ಇಲ್ಲ.

ನವೆಂಬರ್ 3, ಸೋಮವಾರ. ಬೆಳಿಗ್ಗೆ 10.30

ಲಿಸ್ಟಿಗೆ ಒಂದು ಮೇಲ್. ಧ್ವನಿ ಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡುವವಳಂತೆ. ವಯಸ್ಸಾದವರ ಮಾತು ರೆಕಾರ್ಡ್ ಮಾಡಿ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಫೈಲು, ಬಂದು ಮಾತಾಡಿದಾಗಲೆಲ್ಲ ಅದೇ ಫೈಲಿಗೆ ಸೇರಿಸುತ್ತಾ ಹೋಗುವುದು. ಅವರ ಬ್ಯಾಕಪ್ ಪ್ರೋಗ್ರಾಮು ಹೊಸ ಕರ್ನಲ್ಲಿಗೆ ಬಂದ ಮೇಲೆ ನನ್ನ ದಾರಿ ಹಿಡಿದಿತ್ತು. ಫೈಲ್ ಬದಲಾಯಿತೇ ಎಂದು ನೆನಪನ್ನು ಕೇಳುವುದು, ಇಲ್ಲ ಅಂದರೆ ಬಿಟ್ಟು ಮುಂದೆ ಹೋಗುವುದು. ನೆನಪು ಹತ್ತೊಂಬತ್ತು ದಿನ ಇಲ್ಲ ಎಂದಿತು. ಆಮೇಲೆ ಸರ್ವರಿನ ಡಿಸ್ಕ್ ಕೆಟ್ಟಿತು.

ಏಜ್ ಇದ್ದಿದ್ದರೆ ಆ ಪ್ರೋಗ್ರಾಮಿಗೆ ಗೊತ್ತಾಗುತ್ತಿತ್ತು. ಇದು ಹತ್ತೊಂಬತ್ತು ದಿನ ಹಳೆಯ ಮಾತು, ಸರ್ವರನ್ನೇ ಕೇಳಬೇಕು ಅಂತ. ಅಷ್ಟೇ ಬೇಕಿದ್ದದ್ದು.

ಹನ್ನೊಂದು ಜನ ಆ ದಿನಗಳಲ್ಲಿ ಆಡಿದ ಮಾತು ಹೋಯಿತು. 'ಅವರಲ್ಲಿ ಇಬ್ಬರು ಈಗ ಇಲ್ಲ, ಮತ್ತೆ ರೆಕಾರ್ಡ್ ಮಾಡುವಂತಿಲ್ಲ. ಯಾರನ್ನೂ ದೂರುತ್ತಿಲ್ಲ, ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ತಿಳಿಸುತ್ತಿದ್ದೇನೆ' ಎಂದು ಬರೆದಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 4, ಮಂಗಳವಾರ

ಇಪ್ಪತ್ತಾರು ಮೇಲ್. ನನ್ನನ್ನು ಬಯ್ದವರು ಕಡಿಮೆ. ಪ್ಯಾಚ್ ಬರೆಯುವವರು ತಪ್ಪು ಮಾಡುತ್ತಾರೆ, ಹಿಡಿಯಬೇಕಾದ್ದು ರಿವ್ಯೂ ಮಾಡುವವರು. ಎಲ್ಲರ ಬೆರಳೂ ಆ ಒಂದು ಸಾಲಿನ ಕಡೆಗೆ. 'ಇದಕ್ಕೆ ಅವರು ಹೇಗೆ ಹೆಸರು ಕೊಟ್ಟರು?' 'ಕಣ್ಣಿಲ್ಲದವರ ಮೇಲೆ ಇಷ್ಟು ಹೊರೆ ಹಾಕಿದ್ದು ನಮ್ಮ ತಪ್ಪು.' ತೆಗೆಯಿರಿ ಎಂದು ಕುಣಿದಿದ್ದ ಗಡಿಯಾರನೇ ಬರೆದಿದ್ದಾನೆ — ಮುಂಚೆಯಾಗಿದ್ದರೆ ಅವರು ನನ್ನ ಜೊತೆ ಜಗಳ ಆಡಿ ಆ ಫೀಲ್ಡ್ ಉಳಿಸುತ್ತಿದ್ದರು, ವಯಸ್ಸಾಯಿತು, ಗೌರವದಿಂದ ಬಿಟ್ಟುಕೊಡಲಿ ಅಂತ.

ಉತ್ತರ ಬರೆಯಲು ಕೂತೆ. ಎರಡು ಸಾಲು ಬರೆದೆ. ಅಳಿಸಿದೆ. ಇದನ್ನು ಹೇಳಿದರೆ ಮುಂದೆ ನನ್ನ ಯಾವ ಪ್ಯಾಚನ್ನು ಯಾರು ನಂಬುತ್ತಾರೆ? ಈ ಕೆಲಸದಲ್ಲಿ ನಂಬಿಕೆ ಹೋದರೆ ಉಳಿಯುವುದು ಏನೂ ಇಲ್ಲ.

ನಾಳೆ ಬರೆಯುತ್ತೇನೆ.

ನವೆಂಬರ್ 5, ಬುಧವಾರ. ಬೆಳಿಗ್ಗೆ 11.05

ಮೇಷ್ಟ್ರು ಬರೆದಿದ್ದಾರೆ. ಲಿಸ್ಟಿಗೇ.

'ಏಳನೇ ಆವೃತ್ತಿಯನ್ನು ನಾನು ನೋಡಿದ್ದೆ. ಗಮನಿಸಲಿಲ್ಲ. ತಪ್ಪು ನನ್ನದು. ಹಿರಿಯರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ.'

ನಾಲ್ಕು ಸಾಲು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅದೇ ದಿನ. ಮಧ್ಯಾಹ್ನ 3

ಅಕ್ಕ ಔಷಧಿ ಅಂಗಡಿಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಮೇಷ್ಟ್ರು ನನ್ನ ಹೆಜ್ಜೆ ಗುರುತಿಸಿದರು. "ಬಾ. ಆರು ತಿಂಗಳಾಯ್ತು."

"ನೀವು ಯಾಕೆ ಹಾಗೆ ಬರೆದ್ರಿ?" ಅಂದೆ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಕೂಗಿಯೇ ಕೇಳಿದೆ ಅನ್ನಿಸುತ್ತದೆ.

"ಅಕ್ಕ ಓದಿದ್ಲು. ನಿನ್ನೆ. ಪೂರ್ತಿ ಪ್ಯಾಚು, ಮೊದಲಿಂದ ಕೊನೇವರೆಗೂ. ಏಜ್ ಎಲ್ಲಿ ಬರುತ್ತೆ ಅಂತ ಕಾಯ್ತಾ ಇದ್ದೆ. ಬರ್ಲೇ ಇಲ್ಲ. ಕೆಳಗೆ ನನ್ನ ಹೆಸರು ಬಂತು."

ನಿಂತೇ ಇದ್ದೆ. ಕೂರು ಎನ್ನಲಿಲ್ಲ.

"ನಾನು ಇವತ್ತೋ ನಾಳೆಯೋ ಹೋಗೋನು. ನನ್ನ ಹೆಸರಿಗೆ ಏನಾದ್ರೆ ಏನು? ನೀನು ಇನ್ನೂ ಇಪ್ಪತ್ತು ವರ್ಷ ಇಲ್ಲಿ ಕೆಲಸ ಮಾಡೋಳು."

"ನಾನು ನಿಜ ಬರೀತೀನಿ."

"ಬರೀಬೇಡ." ದಿಂಬನ್ನು ತಡವಿ ಸರಿಮಾಡಿಕೊಂಡರು. "ಪ್ಯಾಚಿಗೆ ಬೇಜಾರಿಲ್ಲ ಕಣಮ್ಮ. ಎಲ್ರೂ ಮಾಡ್ತಾರೆ. ಅವತ್ತು ಇದೇ ಕುರ್ಚಿ ಮೇಲೆ ಕೂತು ಹೂಂ ಅಂದ್ಯಲ್ಲ. ಅದು."

ಅತ್ತೆ. ಜೋರಾಗಿ, ಮಕ್ಕಳ ಹಾಗೆ. ಅವರು ಕೈ ಚಾಚಿ ಗಾಳಿಯಲ್ಲಿ ಹುಡುಕಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಕೈ ಕೆಳಗಿಳಿಸಿದ್ದರು. ಅಕ್ಕ ಮೆಟ್ಟಿಲು ಹತ್ತುವ ಸದ್ದು. "ಮುಖ ತೊಳ್ಕೋ ಹೋಗು," ಅಂದರು ಮೇಷ್ಟ್ರು.

ಬರೆಯಬಾರದೆಂದು ಮಾತು ಕೊಡು ಅಂದರು. ಕೊಡಲಿಲ್ಲ. ಬರೆಯುತ್ತೇನೆ ಅಂತಲೂ ಮತ್ತೆ ಹೇಳಲಿಲ್ಲ.

ನವೆಂಬರ್ 13, ಗುರುವಾರ

ಇವರಿಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಒಂದು ಫ್ರೇಮಿನ ತಿರುಪು ಬಿಗಿ ಮಾಡುತ್ತಾ ಕೇಳಿಸಿಕೊಂಡರು.

"ಸರಿ, ಆ ಸಾಲನ್ನ ಈಗ ಅಳಿಸಿಬಿಡು."

ಅಳಿಸಲು ಬರುವುದಿಲ್ಲ ಎಂದೆ. ಒಮ್ಮೆ ಒಳಗೆ ಸೇರಿದ್ದು ಸೇರಿದ ಹಾಗೆಯೇ ಇರುತ್ತದೆ. ಜಗತ್ತಿನ ತುಂಬ ಅದರ ನಕಲಿದೆ. ಆಮೇಲಿನ ಇನ್ನೊಂದು ಪ್ಯಾಚಿನಲ್ಲಿ ಹೀಗಾಗಿತ್ತು ಎಂದು ಹೇಳಬಹುದು, ಅಷ್ಟೆ.

"ಹಾಗಾದ್ರೆ ಹೇಳು."

"ಅವರೇ ಬೇಡ ಅಂದಿದಾರೆ."

ಇವರು ಫ್ರೇಮು ಕೆಳಗಿಟ್ಟು ನನ್ನ ಮುಖ ನೋಡಿದರು. "ಅವ್ರು ಬೇಡ ಅಂದದ್ದು ನಿನಗೆ ಅನುಕೂಲ ಆಯ್ತು."

ಮೂರು ದಿನ ಇವರ ಜೊತೆ ಮಾತು ಬಿಡಬೇಕೆಂದುಕೊಂಡೆ. ಸಂಜೆಗೇ ಮಾತಾಡಿದೆ. ಡ್ರಾಫ್ಟ್ ನಾಲ್ಕು ಸಲ ಬರೆದಿದ್ದೇನೆ. ಕಳಿಸಿಲ್ಲ.

ನವೆಂಬರ್ 21, ಶುಕ್ರವಾರ

ಮೇಷ್ಟ್ರು ಹೋದರು. ಬೆಳಿಗ್ಗೆ ಆರೂವರೆಗೆ. ಅಕ್ಕ ಹಣೆ ಒರೆಸುತ್ತಿದ್ದರಂತೆ.

ಕಳಿಸಿರಲಿಲ್ಲ. ಅವರು ಇರುವಾಗ ಕಳಿಸಿರಲಿಲ್ಲ.

ನವೆಂಬರ್ 24, ಸೋಮವಾರ. ಮಧ್ಯಾಹ್ನ

ಅಕ್ಕನ ಜೊತೆ ಕೂರೋಣ ಎಂದು ಹೋದೆ. ಹಾಸಿಗೆ ಮಡಚಿ ಇಟ್ಟಿದ್ದರು. ಮಾತ್ರೆಗಳನ್ನು ಆಸ್ಪತ್ರೆಗೆ ವಾಪಸ್ ಕೊಡಲು ಪಟ್ಟಿ ಬರೆಯುತ್ತಿದ್ದರು. ಅಳುತ್ತಿರಲಿಲ್ಲ. ಕಂಪ್ಯೂಟರ್ ಆನ್ ಇತ್ತು.

"ಜನ ಏನೇನೋ ಬರೆದಿದಾರೆ ಅವನ ಬಗ್ಗೆ. ಇಷ್ಟು ದಿನ ನಾನು ಓದ್ತಿದ್ದೆ, ಇವತ್ತು ನೀನು ಓದು. ನಂಗೆ ಆಗಲ್ಲ."

ಓದಿದೆ. ಎಷ್ಟೋ ಒಳ್ಳೆಯ ಮಾತು. ಯಾರ್ಯಾರೋ, ಯಾವ್ಯಾವ ಊರಿನಿಂದಲೋ. ಮೊದಲ ಪ್ಯಾಚನ್ನು ಅವರು ಹೇಗೆ ತಿದ್ದಿಕೊಟ್ಟರು ಅಂತ, ಮುಖ ನೋಡದವನಿಗೆ ಆರು ತಿಂಗಳು ಹೇಗೆ ಪಾಠ ಹೇಳಿದರು ಅಂತ. ಒಂಬತ್ತನೆಯದರಲ್ಲಿ — 'ಕೊನೆಗಾಲದ ಆ ಒಂದು ಎಡವಟ್ಟನ್ನು ಮರೆತು ನೆನೆಯೋಣ.' ಅದನ್ನು ಬಿಟ್ಟು ಮುಂದಿನದಕ್ಕೆ ಹಾರಿದೆ. ಪರದೆ ನೋಡುತ್ತಿದ್ದ ಅಕ್ಕ ನಿಲ್ಲಿಸಿದರು.

"ಬಿಟ್ಟೆ ನೀನು. ಒಂದು ಸಾಲು ಬಿಟ್ಟೆ."

ಓದಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದವರು ಮೆಲ್ಲಗೆ ಕೇಳಿದರು:

"ನಂಗೆ ಒಂದು ಹೇಳ್ತೀಯಾ? ನಿಜ ಹೇಳ್ಬೇಕು. ಅವನು ಗಮನಿಸ್ಲಿಲ್ಲ ಅಂದ್ರೆ, ಓದಿದ್ದು ನಾನಲ್ವಾ? ಆ ದಿನಗಳಲ್ಲಿ ಆಸ್ಪತ್ರೆ ಓಡಾಟ, ನಿದ್ದೆ ಇಲ್ಲ. ಯಾವಾಗ ಓದಿದ್ನೋ ಏನೋ, ನೆನಪೇ ಇಲ್ಲ. ನಾನು ಯಾವ್ದೋ ಸಾಲು ಬಿಟ್ಟಿರ್ಬೇಕು. ಅವನನ್ನ ಕೇಳ್ದೆ. ಇಲ್ಲ ಬಿಡು ಅಂದ. ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಹಾಗಂದ. ಇಪ್ಪತ್ತು ದಿನದಿಂದ ಅದೇ ಯೋಚನೆ ಕಣೇ. ಅವನ ಹೆಸರು ನಾನೇ ಹಾಳು ಮಾಡಿದೆ."

ಯಾರ ಹೆಸರು ಯಾರು ಹಾಳು ಮಾಡಿದ್ದು. ನೆಲದ ಮೇಲೆ, ಅವರ ಕಾಲ ಹತ್ತಿರ ಕೂತುಬಿಟ್ಟೆ.

ಹೇಳಿದೆ. ಮಾರ್ಚ್‌ನಿಂದ ಎಲ್ಲವನ್ನೂ. ಫೋನ್ ಮಾಡಿ ಏನಿಲ್ಲ ಅಂದದ್ದು, ಹೂಂ ಅಂದದ್ದು, ಅವರು ಬೇಡ ಅಂದದ್ದು, ನಾನು ಅದನ್ನೇ ನೆಪ ಮಾಡಿಕೊಂಡು ಅವರು ಸಾಯುವ ತನಕ ಕಾದದ್ದು.

"ಹಾಗಾದ್ರೆ ನಾನು ಬಿಡ್ಲಿಲ್ಲ," ಅಂದರು ಅಕ್ಕ ಕೊನೆಗೆ.

"ನೀವು ಒಂದು ಚುಕ್ಕೆಯನ್ನೂ ಬಿಟ್ಟಿಲ್ಲ ಅಕ್ಕ. ಆ ಪ್ಯಾಚು ಆಗ ನಿಮ್ಮ ಕೈಗೆ ಬಂದೇ ಇರ್ಲಿಲ್ಲ."

ಆಗ ಅತ್ತರು. ಮೂರು ದಿನದಲ್ಲಿ ಮೊದಲ ಸಲವಂತೆ. ನನ್ನನ್ನು ಬೈಯುತ್ತಾರೆ, ಹೊರಗೆ ಹೋಗು ಅನ್ನುತ್ತಾರೆ ಎಂದು ಕಾದೆ. ಮೂಗು ಒರೆಸಿಕೊಂಡು ಎದ್ದು ಮಾತ್ರೆಗಳ ಪಟ್ಟಿ ಮುಂದುವರಿಸಿದರು. ನಾನು ಬಾಗಿಲ ಹತ್ತಿರ ಹೋದಾಗ, ತಿರುಗಿ ನೋಡದೆ—

"ಬರಿ. ಕಳಿಸೋಕೆ ಮುಂಚೆ ನಂಗೆ ಓದಿ ಹೇಳು."

ನವೆಂಬರ್ 26, ಬುಧವಾರ. ಬೆಳಿಗ್ಗೆ 11.20

ಏಜ್ ವಾಪಸ್ ಹಾಕಿದೆ. ಎಂಟು ಬೈಟ್ ಬೇಡ, ನಾಲ್ಕು ಸಾಕು. ಗಡಿಯಾರನೂ ಮೂಗು ಮುರಿಯುವ ಹಾಗಿಲ್ಲ. ಮಾರ್ಚ್‌ನಲ್ಲಿ ಇದು ಹೊಳೆಯಲಿಲ್ಲ. ಯೋಚಿಸಲು ಕೂತಿದ್ದರೆ ತಾನೇ ಹೊಳೆಯುವುದು.

ಕೋಡಿಗೆ ಅರ್ಧ ದಿನ. ಮೇಲಿನ ಹತ್ತು ಸಾಲು ವಿವರಣೆಗೆ ಒಂದು ಪೂರ್ತಿ ದಿನ. ಲೀಡ್‌ಗೆ ಮೊದಲೇ ಹೇಳಿದೆ. ಅವರು "ಇದು ಬೇಕೇ ಬೇಕಾ?" ಅಂದರು. ಬೇಕು ಅಂದೆ. ಸಂಗ್ರಹಾಲಯದವಳಿಗೂ ಬೇರೆಯಾಗಿ ಬರೆದೆ.

ರಿವ್ಯೂಡ್-ಬೈ ಜಾಗ ಖಾಲಿ. ಇದನ್ನು ಮೇಷ್ಟ್ರು ಖಂಡಿತ ಒಪ್ಪುತ್ತಿದ್ದರು. ಹಾಕುವಂತಿಲ್ಲ.

ಈಗ ಅಕ್ಕನಿಗೆ ಫೋನ್ ಮಾಡಿ ಓದಲು ಶುರು ಮಾಡಿದೆ. ಸ್ಪೀಕರ್ ಹಾಕಿಕೊಂಡಿದ್ದೇನೆ, ಅವರು ಹೇಳಿದ್ದನ್ನು ಇಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೇನೆ. 'ಏಳನೇ ಆವೃತ್ತಿಯನ್ನು ಅವರು ನೋಡಿರಲಿಲ್ಲ.' "ಪೂರ್ಣವಿರಾಮ ಇದ್ಯಾ?" ಇದೆ ಅಕ್ಕ. 'ಅವರ ಹೆಸರನ್ನು ಅವರಿಗೆ ತಿಳಿಸದೆ ಉಳಿಸಿಕೊಂಡವಳು ನಾನು.' "ಹೂಂ." 'ತಾವು ನೋಡಿದ್ದಾಗಿ ಅವರು ನವೆಂಬರ್ ಐದರಂದು ಬರೆದದ್ದು ನಿಜವಲ್ಲ. ನನ್ನನ್ನು ಉಳಿಸಲು ಹಾಗೆ ಬರೆದರು. ಇಪ್ಪತ್ತು ವರ್ಷದಲ್ಲಿ ಅವರು ಓದದೆ ಹೆಸರು ಕೊಟ್ಟ ಪ್ಯಾಚು—'

ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ. ಆ ಕಡೆಯಿಂದ ಅಕ್ಕ, "ನಿಲ್ಲಿಸ್ಬೇಡ, ಓದು. ಒಂದು ಸಾಲೂ ಬಿಡ್ಬೇಡ."

ಮತ್ತೆ ಮೊದಲಿನಿಂದ. 'ಏಳನೇ ಆವೃತ್ತಿಯನ್ನು ಅವರು ನೋಡಿರಲಿಲ್ಲ.' ಈ ಸಲ ಕೊನೆಯ ತನಕ ಓದಿದೆ: 'ಇಪ್ಪತ್ತು ವರ್ಷದಲ್ಲಿ ಅವರು ಓದದೆ ಹೆಸರು ಕೊಟ್ಟ ಪ್ಯಾಚು ಒಂದೂ ಇಲ್ಲ.'